ಗೌಡರ ಬಾಗಿಲಿನ ಟೇಬಲ್ಲು

ಶಹಾಪುರದ ಕಾಲುವೆ ದಂಡೆಯ ಹೊಸ ಬಡಾವಣೆಗೆ ಹೋಗಿ ದೇವಕಮ್ಮ ಟೀಚರ ಮನೆ ಯಾವುದು ಎಂದು ಕೇಳಿದರೆ ಯಾರೂ ಮನೆ ನಂಬರು ಹೇಳುವುದಿಲ್ಲ. ‘ಗುಜರಿ ಟೀಚರ ಮನೀನ?’ ಎಂದು ನಿಮ್ಮನ್ನೇ ತಿರುಗಿ ಕೇಳಿ, ಬೆರಳು ತೋರಿಸಿ, ಮುಸಿಮುಸಿ ನಗುತ್ತಾರೆ. ಹೀಗೊಂದು ಅಡ್ಡಹೆಸರು ಬಿದ್ದಿರುವುದು ದೇವಕಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಆ ಹೆಸರನ್ನೂ ಹಳೇ ತಂಬಿಗೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ ಮನೆಯೊಳಗೆ ಇಟ್ಟುಕೊಂಡಳು.

ಆ ಮನೆಯನ್ನು ಒಮ್ಮೆ ನೋಡಬೇಕು. ಪಡಸಾಲೆಯಲ್ಲಿ ಕಂದೀಲು ತೂಗುತ್ತದೆ. ಎಣ್ಣೆ ಇಲ್ಲ, ಬತ್ತಿ ಇಲ್ಲ, ಒಳಗೊಂದು ಸಣ್ಣ ಕರೆಂಟಿನ ಬಲ್ಬು. ಜೋಳ ಅಳೆಯುತ್ತಿದ್ದ ಸೇರು ಈಗ ಚಮಚೆಗಳ ಮನೆ. ಯಾವುದೋ ನವಾಬರ ಕಾಲದ ಪಾನ್‌ದಾನಿನ ಒಂದೊಂದು ಖಾನೆಯಲ್ಲಿ ಏಲಕ್ಕಿ, ಲವಂಗ, ಬಡೇಸೋಪು. ಬೀಸುವ ಕಲ್ಲಿನ ಮೇಲೆ ಮಲ್ಲಿಗೆಯ ಕುಂಡ. ಬುದ್ಧನ ಮೂರ್ತಿ ಕೂತಿರುವುದು ಹಿತ್ತಾಳೆ ಪಟ್ಟಿ ಹೊಡೆದ ಹಳೇ ಸಂದೂಕದ ಮೇಲೆ, ಅದರ ಹಿಂದಿನ ಗೋಡೆಗೆ ಬಾಬಾಸಾಹೇಬರ ಪಟ. ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳು ಊಟದ ಕೋಣೆಯ ಗೋಡೆ ತುಂಬ. ಇಷ್ಟೆಲ್ಲ ತುಂಬಿರುವ ಮನೆಯಲ್ಲಿ ಮುಂಬಾಗಿಲ ಪಕ್ಕದ ಗೂಡೊಂದು ಮಾತ್ರ ಖಾಲಿ ಇದೆ. ದೀಪವಿಲ್ಲ, ಹೂವಿಲ್ಲ, ಏನೂ ಇಲ್ಲ. ಅದು ಯಾಕೆ ಖಾಲಿ ಎಂದು ಹೇಳುವುದಕ್ಕೇ ನಾನು ಇಷ್ಟು ದೂರದಿಂದ ಶುರು ಮಾಡಿದ್ದು.

ದೇವಕಮ್ಮ ಹುಟ್ಟಿದ್ದು ಸಗರದಿಂದ ಆಚೆಗಿರುವ ಒಂದು ಸಣ್ಣ ಊರಿನಲ್ಲಿ. ಅಪ್ಪ ಚಂದ್ರಾಮಪ್ಪ ಆ ಊರಿನ ಗೌಡರ ಮನೆಯ ಆಳು. ಅವ್ವ ಕರೆಮ್ಮ ಅದೇ ಮನೆಯ ಅಂಗಳ ಗುಡಿಸಿ, ಸಗಣಿ ಬಳಿದು, ಹೊಲಕ್ಕೆ ಹೋಗುವವಳು. ಗಂಡ ಹೆಂಡತಿ ಇಬ್ಬರದೂ ಒಂದೇ ಹಟ: ಮಗಳು ಈ ಅಂಗಳ ತುಳಿಯಬಾರದು. ಹಾಗಾಗಿ ಆರು ವರ್ಷದ ಕೂಸನ್ನು ಕೈಹಿಡಿದು ತಂದು ಶಹಾಪುರದ ಹಾಸ್ಟೆಲಿನಲ್ಲಿ ಬಿಟ್ಟರು. ರಜೆಯಲ್ಲಿ ಊರಿಗೆ ಬಂದರೂ ಕರೆಮ್ಮ ಮಗಳನ್ನು ಕೊಟ್ಟಿಗೆ ಕಡೆ ಕರೆದೊಯ್ದವಳಲ್ಲ. ‘ಪುಸ್ತಕ ಹಿಡಕೊಂಡು ಮನ್ಯಾಗ ಕುಂದರು’ ಎಂದು ಗದರಿಸಿ ತಾನೊಬ್ಬಳೇ ಹೋಗುತ್ತಿದ್ದಳು.

ಆದರೆ ಬೀದಿಯಲ್ಲಿ ಹಾದುಹೋಗುವುದನ್ನು ಯಾರು ತಡೆದಾರು? ಗೌಡರ ವಾಡೆಯ ದೊಡ್ಡ ಬಾಗಿಲು ತೆರೆದಿದ್ದಾಗ ಒಳಗೆ ಸಾಲಾಗಿ ಇಟ್ಟ ಹಿತ್ತಾಳೆ ಕೊಡಗಳು ಹೊಳೆಯುತ್ತಿದ್ದವು. ಹುಡುಗಿ ಬೇಕೆಂದೇ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವ ನೆಪದಲ್ಲಿ ಅಲ್ಲಿ ನಿಲ್ಲುತ್ತಿದ್ದಳು. ಹಾಸ್ಟೆಲಿನ ಚಪ್ಪಟೆಯಾದ ಅಲ್ಯೂಮಿನಿಯಂ ತಟ್ಟೆ ಬಿಟ್ಟರೆ ತನ್ನದು ಅನ್ನುವ ಒಂದು ಸಾಮಾನೂ ಇಲ್ಲದ ಆ ಹುಡುಗಿಗೆ ಆಸೆಯಾಯಿತು. ದೊಡ್ಡ ಮಾತು ಯಾಕೆ, ದುರಾಸೆಯೇ ಆಯಿತು. ಇಂಥವು ನನ್ನ ಮನೆಯಲ್ಲೂ ಇರಬೇಕು ಎಂದುಕೊಂಡಳು.

ಅವಳಿಗೆ ದೋರನಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕಿದ್ದಕ್ಕೂ ಈ ಕಡೆಗೆ ಕಾಲುವೆ ನೀರು ಬಂದದ್ದಕ್ಕೂ ಹೆಚ್ಚು ಅಂತರವಿಲ್ಲ. ಬರೀ ಜೋಳ, ತೊಗರಿ ಬೆಳೆದ ಹೊಲಗಳಲ್ಲಿ ಭತ್ತ ತೂಗಿತು. ಮೊದಲು ಮೋಟಾರ್ ಸೈಕಲ್ಲು ಬಂದವು, ಆಮೇಲೆ ಟ್ರ್ಯಾಕ್ಟರು, ಆಮೇಲೆ ಛತ್ತಿಗೆ ಸಿಮೆಂಟು. ಹೊಸ ಮನೆಗೆ ಹಳೇ ಸಾಮಾನು ಶೋಭೆಯಲ್ಲ ಎಂದು ಮಂದಿಗೆ ಅನ್ನಿಸಿದ್ದೇ ತಡ, ತಾಮ್ರದ ಹಂಡೆ ಹೋಗಿ ಪ್ಲಾಸ್ಟಿಕ್ ಡ್ರಮ್ಮು ಬಂತು, ಕಂಚಿನ ತಟ್ಟೆ ಹೋಗಿ ಸ್ಟೀಲು ಬಂತು. ಅಜ್ಜಿಯರು ಎದೆಗವಚಿಕೊಂಡು ಕಾಪಾಡಿದ್ದೆಲ್ಲ ಗೋಣಿಚೀಲದಲ್ಲಿ ಕೂತು ಗುಜರಿ ಅಂಗಡಿ ಸೇರಿತು.

ಗುಜರಿ ಅಂಗಡಿ ಅಂದರೆ ಕುಬ್ರಾಬೇಗಂ ಅಂಗಡಿ. ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ರಿಮ್ಮುಗಳ ರಾಶಿಯ ನಡುವೆ ಸ್ಟೂಲು ಹಾಕಿ ಕೂತ ಧಡೂತಿ ಹೆಂಗಸು. ದೇವಕಮ್ಮ ಆಕೆಯನ್ನು ‘ಖಾಲಾ’, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಮೊದಲ ಸಲ ಅಲ್ಲಿ ಹೋದದ್ದು ಹಳೇ ಪೇಪರು ಹಾಕುವುದಕ್ಕೆ. ಬರುವಾಗ ಕೈಯಲ್ಲಿ ಅಂಚು ಸೀಳಿದ ಒಂದು ಪಿಂಗಾಣಿ ತಟ್ಟೆ ಇತ್ತು. ಗಂಡ ಈಶಪ್ಪ, ಕಾಲುವೆಯ ತೂಬಿನ ಹತ್ತಿರ ನೀರಿನ ಮಟ್ಟ ಬರೆದುಕೊಳ್ಳುವ ಕೆಲಸದವನು, ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

‘ಒಡದದ್ದು ಯಾಕ ತಂದಿ?’

‘ಒಡದ ಕಡಿ ಕೆಳಗ ಮಾಡಿ ಗ್ವಾಡಿಗಿ ಹಾಕಿದ್ರ ಯಾರಿಗಿ ಕಾಣಸ್ತದ್ರೀ?’

ಯಾರಿಗೂ ಕಾಣಲಿಲ್ಲ. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಈಶಪ್ಪ ಒಳ್ಳೆಯವನು, ಎರಡು ಮಾತು ಚೇಷ್ಟೆ ಮಾಡಿ ಸುಮ್ಮನಾಗುವವನು. ‘ನನ್ನೊಬ್ಬನ್ನ ಖಾಲಾನ ಅಂಗಡಿಗಿ ಹಾಕಬ್ಯಾಡ ಮಾರಾಯ್ತಿ, ನಾ ಇನ್ನ ಚಾಲೂ ಅದೇನಿ’ ಎನ್ನುತ್ತಲೇ ಭಾನುವಾರ ಕೂತು ಹೆಂಡತಿಯ ಜೊತೆ ಇಟ್ಟಿಗೆ ಪುಡಿ ಹಾಕಿ ಹಿತ್ತಾಳೆ ತಿಕ್ಕುತ್ತಿದ್ದ.

ಹೀಗಿರುವಾಗ ಒಂದು ದಿನ ಕುಬ್ರಾಬೇಗಂ ಶಾಲೆಗೇ ಹೇಳಿ ಕಳಿಸಿದಳು. ದೇವಕಮ್ಮನ ಊರಿನ ಗೌಡರೂ ವಾಡೆ ಕೆಡವಿ ಸಿಮೆಂಟಿನ ಮನೆ ಎಬ್ಬಿಸುತ್ತಿದ್ದಾರೆ; ತೊಲೆ, ಕಂಬ, ಬಾಗಿಲು ಎಲ್ಲ ಅಂಗಡಿಗೆ ಬಂದಿವೆ. ಗಂಟೆ ಹೊಡೆದದ್ದೇ ದೇವಕಮ್ಮ ಓಡಿದಳು. ಆ ಬಾಗಿಲು ಅಲ್ಲಿ ಗೋಡೆಗೆ ಒರಗಿ ನಿಂತಿತ್ತು. ಸಾಗವಾನಿ ಕಟ್ಟಿಗೆ, ಸಾಲು ಸಾಲು ಕಬ್ಬಿಣದ ಗುಬ್ಬಿಮೊಳೆ, ಮೇಲ್ಭಾಗದಲ್ಲಿ ಬಡಿಯುವುದಕ್ಕೆ ಒಂದು ದಪ್ಪ ಬಳೆ. ಎರಡು ಹಲಗೆಗಳಲ್ಲಿ ಬಳೆಯಿದ್ದ ಹಲಗೆಯ ಮೇಲೆ ದೇವಕಮ್ಮ ಕೈಯಿಟ್ಟಳು.

‘ಇದು ನನಗ ಬೇಕು ಖಾಲಾ.’

‘ಇಷ್ಟು ದೊಡ್ಡ ಬಾಗಲ ತಗೊಂಡು ಏನ್ ಮಾಡ್ತಿ ಟೀಚರಮ್ಮ? ನಿನ್ನ ಮನಿ ಇದರ ಅರ್ಧ ಇಲ್ಲ.’

‘ಮಲಗಸ್ತೇನಿ. ಮಲಗಿಸಿ ಅದರ ಮ್ಯಾಲ ಉಣ್ತೇನಿ.’

ಕುಬ್ರಾಬೇಗಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೇವಕಮ್ಮ ನಗಲಿಲ್ಲ. ಬಡಿಗೇರ ಲಿಂಗಣ್ಣನನ್ನು ಕರೆಸಿ ಹಲಗೆಗೆ ನಾಲ್ಕು ಕಾಲು ಹೊಡೆಸಿದಳು. ಲಿಂಗಣ್ಣ ಆ ಬಳೆ ಕಿತ್ತು ಹಾಕುತ್ತೇನೆ, ಉಣ್ಣುವಾಗ ಕೈಗೆ ತಾಗುತ್ತದೆ ಎಂದ. ಬೇಡವೇ ಬೇಡ ಎಂದಳು. ಹೀಗೆ ಗೌಡರ ತಲೆಬಾಗಿಲು ದೇವಕಮ್ಮನ ಊಟದ ಟೇಬಲ್ಲಾಯಿತು. ಒಂದು ತುದಿಯಲ್ಲಿ ಆ ಬಳೆ ಹಾಗೇ ಮಲಗಿತ್ತು. ನಾಲ್ಕು ಕಡೆ ಹುಡುಕಿ ತಂದ ಬೆತ್ತದ ಕುರ್ಚಿ ಹಾಕಿದಳು, ನಡುವೆ ಅವ್ವ ಹೊಲಿದ ಕೌದಿಯನ್ನೇ ಹಾಸಿದಳು, ಸೇರು, ಪಾನ್‌ದಾನು ಜೋಡಿಸಿದಳು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಗುತ್ತಿದ್ದ ಓಣಿಯ ಹೆಂಗಸರು ಕೂಡ ಕೂತು ಚಹಾ ಕುಡಿದು, ‘ಛಲೋ ಕಾಣಸ್ತದ ಬಿಡ್ರಿ’ ಎಂದು ಒಪ್ಪಿಕೊಂಡು ಹೋದರು. ಶಾಲೆ ನೋಡಲು ಬಂದ ಸಾಹೇಬರೊಬ್ಬರು ಅದರ ಮೇಲೆ ಊಟ ಮಾಡಿ, ಮೊಳೆಗಳನ್ನು ಸವರಿ ಸವರಿ ಹೊಗಳಿದರು.

ಆದರೆ ದೇವಕಮ್ಮ ಟೇಬಲ್ಲು ಮಾಡಿಸಿದ್ದು ಸಾಹೇಬರಿಗಲ್ಲ, ಓಣಿಯವರಿಗೂ ಅಲ್ಲ. ಅಪ್ಪ ಹೋಗಿಬಿಟ್ಟಿದ್ದ, ಕೂಡಿಸುವ ಭಾಗ್ಯ ಸಿಗಲಿಲ್ಲ. ಉಳಿದವಳು ಅವ್ವ. ಅವ್ವ ಆ ಟೇಬಲ್ಲಿನ ತುದಿಯ ಕುರ್ಚಿಯಲ್ಲಿ ಕೂತು ಉಣ್ಣಬೇಕು, ತಾನು ಬಡಿಸಬೇಕು, ಅಷ್ಟೇ ಅವಳ ಆಸೆ.

ಕರೆಮ್ಮ ಕೂಡಲಿಲ್ಲ.

ಆಕೆ ಇರುವುದು ಊರಿನಲ್ಲೇ, ಮಗನ ಹತ್ತಿರ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಗದ್ದೆ ಕೆಲಸ ನಿಂತಾಗ ಮಗಳ ಮನೆಗೆ ಬಂದು ಇದ್ದು ಹೋಗುವುದು ರೂಢಿ. ಟೇಬಲ್ಲು ಆದ ಮೊದಲ ಬೇಸಿಗೆಯಲ್ಲಿ ದೇವಕಮ್ಮ ಅವ್ವನ ಕೈಹಿಡಿದು ಕರೆತಂದು, ‘ಇದು ಯಾವ ಬಾಗಲ ಹೇಳಬೇ ನೋಡೋಣ’ ಎಂದು ಮಕ್ಕಳಿಗೆ ಕೇಳುವ ಹಾಗೆ ಕೇಳಿದಳು. ಕರೆಮ್ಮನಿಗೆ ಕೂಡಲೇ ಗೊತ್ತಾಯಿತು. ಅಂಚನ್ನು ಒಂದು ಬೆರಳಿನಿಂದ ಮುಟ್ಟಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ‘ಛಲೋ ಆಗ್ಯಾದ’ ಎಂದಳು. ಊಟಕ್ಕೆ ಕರೆದರೆ ಮೊಣಕಾಲು ನೋವು ಎಂದು ಹೊರಬಾಗಿಲ ಹೊಸ್ತಿಲ ಹತ್ತಿರ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ರೊಟ್ಟಿ ಮುರಿದಳು. ಮೊಣಕಾಲು ನೋಯುವವರು ನೆಲದ ಮೇಲೆ ಕೂಡುತ್ತಾರೆಯೇ?

ಮರುವರ್ಷ ದೇವಕಮ್ಮ ಗಿಡ್ಡ ಕುರ್ಚಿ ತಂದಳು, ಮೆತ್ತನೆಯ ದಿಂಬು ಹೊಲಿಸಿದಳು. ಆಗಲೂ ಅದೇ ಹೊಸ್ತಿಲು, ಅದೇ ನೆಲ. ‘ನಾ ಇಲ್ಲೇ ಗಾಳಿಗಿ ಕುಂದರತೀನಿ, ನೀವ್ ಉಣ್ರಿ’ ಎನ್ನುವಳು. ಅಳಿಯ ಕರೆದರೂ ಇಲ್ಲ. ದೇವಕಮ್ಮನಿಗೆ ಸಿಟ್ಟು ಬಂತು, ಅಳು ಬಂತು. ಅವ್ವನಿಗೆ ತನ್ನ ಏಳಿಗೆ ನೋಡಿ ಸಂತೋಷವೇ ಇಲ್ಲವೇನೋ ಎಂಬ ಕೆಟ್ಟ ಯೋಚನೆಯೂ ಬಂತು. ಊರೆಲ್ಲ ಉಂಡು ಹೊಗಳಿದ ಟೇಬಲ್ಲು ಅವಳ ಕಣ್ಣಿಗೆ ಖಾಲಿ ಕಾಣತೊಡಗಿತು. ಈಶಪ್ಪ ಮಾತ್ರ, ‘ಬಿಡು, ಒತ್ತಾಯ ಮಾಡಬ್ಯಾಡ, ಹಿರೇ ಜೀವ’ ಎಂದು ಸಮಾಧಾನ ಹೇಳಿದ.

ಇನ್ನು ಆ ಗೂಡಿನ ವಿಷಯ. ಮನೆ ಕಟ್ಟಿಸುವಾಗಲೇ ದೇವಕಮ್ಮ ಗೌಂಡಿಗೆ ಹೇಳಿ ಮುಂಬಾಗಿಲ ಹೊರಗೋಡೆಯಲ್ಲಿ ಒಂದು ಗೂಡು ಬಿಡಿಸಿದ್ದಳು, ಹಳೇ ಮನೆಗಳಲ್ಲಿ ಇರುವ ಹಾಗೆ. ಅದಕ್ಕೆ ತಕ್ಕ ಸಾಮಾನು ಮಾತ್ರ ಸಿಕ್ಕಿರಲಿಲ್ಲ. ಮೂರನೆಯ ಬೇಸಿಗೆಯ ಹೊತ್ತಿಗೆ ಕುಬ್ರಾಬೇಗಮ್ಮನ ರಾಶಿಯಲ್ಲಿ ಒಂದು ಎನಾಮಲ್ ಬಟ್ಟಲು ಕಣ್ಣಿಗೆ ಬಿತ್ತು. ಬಿಳಿ ಮೈ, ನೀಲಿ ಅಂಚು, ಚಹಾ ಕುಡಿಯುವುದಕ್ಕೆ ಆಗುವಂಥ ಒಂದು ಹಿಡಿಕೆ. ಅಲ್ಲಲ್ಲಿ ಬಿಳಿ ಎದ್ದು ಕರಿ ಚುಕ್ಕೆ ಕಾಣುತ್ತಿತ್ತು, ಅದೇ ಚಂದ. ‘ಹಾಗೇ ಒಯ್ಯಿ, ತೂಕಕ್ಕೂ ಬರಂಗಿಲ್ಲ ಅದು’ ಎಂದಳು ಖಾಲಾ. ದೇವಕಮ್ಮ ಅದನ್ನು ತೊಳೆದು, ನೀರು ತುಂಬಿ, ಎರಡು ಎಳೆ ಮಲ್ಲಿಗೆ ಇಳಿಬಿಟ್ಟು ಗೂಡಿನಲ್ಲಿಟ್ಟಳು. ಬೀದಿಯಿಂದ ನೋಡಿದರೂ ಎಷ್ಟು ಒಪ್ಪುತ್ತಿತ್ತು! ಸಂಜೆ ಎರಡು ಸಲ ಹೊರಗೆ ಹೋಗಿ ನಿಂತು ತಾನೇ ನೋಡಿ ಬಂದಳು.

ಅವಳಿಗೆ ಗೊತ್ತಿರಬೇಕಿತ್ತು ಎಂದು ನೀವು ಹೇಳಬಹುದು. ಬಾಬಾಸಾಹೇಬರ ಜಯಂತಿಯ ದಿನ ಶಾಲೆಯಲ್ಲಿ ಅವಳೇ ಭಾಷಣ ಮಾಡುತ್ತಿದ್ದಳು. ನಮ್ಮ ಹಿರಿಯರಿಗೆ ಬೇರೆ ಬಟ್ಟಲು ಇಡುತ್ತಿದ್ದರು ಎಂದು ಮಕ್ಕಳಿಗೆ ಹೇಳುತ್ತಿದ್ದಳು. ಆದರೆ ಭಾಷಣದಲ್ಲಿ ಬಟ್ಟಲು ಬರುತ್ತದೆ, ಬಟ್ಟಲಿನ ಬಣ್ಣ ಬರುವುದಿಲ್ಲ. ಅದನ್ನು ಎಲ್ಲಿ ಇಡುತ್ತಿದ್ದರು ಎಂಬುದನ್ನು ಅಪ್ಪನೂ ಹೇಳಿರಲಿಲ್ಲ, ಅವ್ವನೂ ತೋರಿಸಿರಲಿಲ್ಲ. ತೋರಿಸಬಾರದು ಎಂದೇ ಅಲ್ಲವೇ ಆರು ವರ್ಷಕ್ಕೆ ಹಾಸ್ಟೆಲಿಗೆ ಹಾಕಿದ್ದು!

ಕರೆಮ್ಮ ಬಸ್ಸಿಳಿದು ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೆಗಲ ಮೇಲೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು. ‘ಬಂದೇನು ಯವ್ವಾ, ಕಾಲ ತೊಳಕೊ, ಚಹಾ ಇಡತೀನಿ’ ಎಂದು ದೇವಕಮ್ಮ ಗಂಟು ಇಸಿದುಕೊಂಡು ಒಳಗೆ ಹೋದಳು. ಈಶಪ್ಪ ಬಚ್ಚಲಲ್ಲಿದ್ದ. ದೇವಕಮ್ಮ ಒಳ್ಳೆಯ ಹಳೇ ಕೆಟಲಿಗೆ ಚಹಾ ಸೋಸಿ, ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ ಹಾಕಿ, ಈ ಸಲವಾದರೂ ಕೂಡುತ್ತಾಳೇನೋ ಎಂದು ಟೇಬಲ್ಲಿನ ಮೇಲೆ ಜೋಡಿಸಿದಳು. ಕೆಟಲಿ ಕೈಯಲ್ಲೇ ಹಿಡಿದು ಕರೆಯಲು ಹೊರಗೆ ಬಂದಳು.

ಗೂಡು ಖಾಲಿಯಿತ್ತು. ಮಲ್ಲಿಗೆಯ ಎಳೆ ಎರಡನ್ನೂ ಜೋಪಾನವಾಗಿ ಗೂಡಿನ ಮೂಲೆಗೆ ಮಲಗಿಸಲಾಗಿತ್ತು. ಕರೆಮ್ಮ ಮೆಟ್ಟಿಲ ಕೆಳಗೆ, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ತೊಳೆದ ಎನಾಮಲ್ ಬಟ್ಟಲನ್ನು ತನ್ನಿಂದ ಮಾರು ದೂರ, ಮೆಟ್ಟಿಲ ಹತ್ತಿರ ಇಟ್ಟು, ತಾನು ಹಿಂದೆ ಸರಿದು, ಚಹಾಕ್ಕೆ ಕಾಯುತ್ತಿದ್ದಳು.

‘ಏನಬೇ ಇದು?’ ದೇವಕಮ್ಮನಿಗೆ ಮೊದಲು ನಗು ಬಂತು. ‘ಅದು ಹೂವಿಗಿ ಇಟ್ಟದ್ದು!’

‘ಹೌದೇನು?’ ಕರೆಮ್ಮ ಗೂಡಿನ ಕಡೆ ನೋಡಿದಳು. ‘ಗೂಡಿನ್ಯಾಗ ಇಟ್ಟಿದ್ದಿ. ನನಗ ಇಟ್ಟಿದ್ದಿ ಅನಕೊಂಡೆ.’

‘ನಿನಗ್ಯಾಕ ಇಡಲಿ ಹೊರಗ?’

‘ನಿಮ್ಮ ಮನಿಗಿ ದೊಡ್ಡ ದೊಡ್ಡ ಮಂದಿ ಬರ್ತಾರ, ಉಣ್ತಾರ. ಊರ ಕಡಿಯವರಿಗಿ ಬ್ಯಾರೆ ಇಟ್ಟಿರಬೇಕು ಅಂದೆ. ಅದರಾಗೇನದ, ನೀ ಹಾಕು. ಮ್ಯಾಲಿಂದ ಹಾಕು, ಕೆಟಲಿ ತಾಗಸಬ್ಯಾಡ.’

ಬೈದು ಹೇಳಿದ ಮಾತಲ್ಲ, ನೊಂದು ಹೇಳಿದ್ದೂ ಅಲ್ಲ. ಇವತ್ತು ಬಿಸಿಲು ಹೆಚ್ಚು ಎಂದ ಹಾಗೆ ಹೇಳಿದಳು. ದೇವಕಮ್ಮನಿಗೆ ಆಗ ತಿಳಿಯಿತು. ಬಟ್ಟಲು ತಿಳಿಯಿತು, ಗೂಡು ತಿಳಿಯಿತು, ಬೀದಿಗೆ ಕಾಣುವಂತೆ ತಾನೇ ಅದನ್ನು ಸಿಂಗರಿಸಿ ಇಟ್ಟದ್ದು ತಿಳಿಯಿತು. ಕೆಟಲಿಯನ್ನು ಮೆಟ್ಟಿಲ ಮೇಲೆ ಕುಕ್ಕಿ, ಬಟ್ಟಲು ಬಾಚಿಕೊಂಡು, ಅಳುತ್ತಲೇ ಕಾಲುವೆ ಕಡೆ ಹೊರಟಳು. ಕರೆಮ್ಮ ದಡಬಡಿಸಿ ಎದ್ದು ಮಗಳ ರಟ್ಟೆ ಹಿಡಿದಳು.

‘ಎಲ್ಲಿಗಿ?’

‘ಕಾಲುವಿಗಿ ಒಗದು ಬರ್ತೀನಿ.’

‘ಕಾಲುವಿ ಬಂದ್ ಅದ. ಒಗದ್ರ ಅಲ್ಲೇ ಬಿದ್ದಿರ್ತದ. ಯಾರರ ಆರಸಿಕೊಂಡು ಹೋಗಿ ಮತ್ತ ನಿನ್ನ ಖಾಲಾಗೇ ಹಾಕ್ತಾರ, ನೀನೇ ಮತ್ತ ತರ್ತಿ.’

ಅಳುವಿನ ನಡುವೆಯೇ ದೇವಕಮ್ಮನಿಗೆ ನಗು ನುಗ್ಗಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕರೆಮ್ಮ ಬಟ್ಟಲನ್ನು ಮಗಳ ಕೈಯಿಂದ ತೆಗೆದುಕೊಂಡು ಅಡಿಮೇಲು ಮಾಡಿ ನೋಡಿದಳು.

‘ಗೌಡರ ಕೊಟ್ಟಿಗಿದು ಇದಲ್ಲ. ಅದರ ಅಡಿಯಾಗ ತೂತ ಬಿದ್ದಿತ್ತು, ಬೆಸಿಗಿ ಹಾಕಿದ್ರು. ಆದ್ರ ಎಲ್ಲಾ ಊರಾಗೂ ಇದೇ ನಮೂನಿ ಇರ್ತಿದ್ದು, ನೀಲಿ ಅಂಚಿಂದು. ನಿಮ್ಮಪ್ಪ ಮುಂಜಾನಿ ಕೊಟ್ಟಿಗ್ಯಾಗ ಹೆಂಡಿ ಬಳದು, ಇದನ್ನ ಗೂಡಿನ್ಯಾಗಿಂದ ತಗೊಂಡು, ತೊಳದು, ಇಟ್ಟು ನಿಂದ್ರತಿದ್ದ. ಒಳಗಿಂದ ಬಂದು ಮ್ಯಾಲಿಂದ ಸುರೂತಿದ್ರು. ಹೆಣ್ಣಮಕ್ಕಳಿಗಿ ಚಹಾ ಇರ್ತಿರಲಿಲ್ಲ.’

‘ಮತ್ತ ನೀ?’

ಕರೆಮ್ಮನ ಮುಖ ಅರಳಿತು. ‘ಅರ್ಧ ಕುಡದು, ಕೊಟ್ಟಿಗಿ ಹಿಂದ ಬಂದು ನನ್ನ ಕರೀತಿದ್ದ. ಉಳದದ್ದು ನನಗ. ದಿನಾ. ಜ್ವರ ಬಂದಾಗ ಸೈತ ಕುಡದು ಮುಗಸಿದವ ಅಲ್ಲ. ಚಹಾ ಭಾಳ ಛಲೋ ಇರ್ತಿತ್ತು ಯವ್ವಾ, ಹಾಲ ಅವರದು ಏನ್ ಕಮ್ಮಿ ಇತ್ತು. ಬಟ್ಟಲ ಏನ್ ತಪ್ಪ ಮಾಡ್ಯಾದ? ಹೊರಗ ಇಟ್ಟವರದು ತಪ್ಪ.’

ದೇವಕಮ್ಮ ಮೂಗು ಒರೆಸಿಕೊಂಡು ಕೇಳಿದಳು. ಎರಡು ವರ್ಷದಿಂದ ಕೇಳಬೇಕಾದ್ದು ಅದು. ‘ಅದಕ್ಕೇ ಏನು ಆ ಟೇಬಲ್ಲಿಗಿ ಕುಂದರಲಿಲ್ಲ ನೀ?’

‘ನೀ ಖುಷಿಲೆ ತಂದಿ. ನಾ ಏನ್ ಹೇಳಲಿ? ಆ ಬಾಗಲ ಮುಂದ ನಿಮ್ಮಪ್ಪ, ನಾ ಎಷ್ಟ ಸಲ ನಿಂತೀವಿ. ಆ ಬಳಿ ನಾವು ಬಡಿಯೂಹಂಗಿಲ್ಲ. ಕೆಳಗ ನಿಂತು, ಗೌಡ್ರೇ, ಗೌಡ್ರೇ ಅಂತ ಕರೀಬೇಕು. ಬಿಸಲಾಗ, ಮಳ್ಯಾಗ. ಕೇಳಿಸಿದ್ರ ಕೇಳಿಸ್ತು, ಇಲ್ಲಂದ್ರ ಇಲ್ಲ. ಈಗ ಅದರ ಮ್ಯಾಲ ರೊಟ್ಟಿ ಇಟ್ಟು ಉಣ್ಣು ಅಂದ್ರ, ಯಾರರ ಬಂದು ಏಳು ಅಂತಾರೇನೋ ಅನಸ್ತದ. ಗಂಟಲದಾಗ ಇಳಿಯಂಗಿಲ್ಲ.’

ಚಿಕ್ಕಂದಿನಲ್ಲಿ ದೇವಕಮ್ಮ ಆ ಬಾಗಿಲನ್ನು ಬೀದಿಯಿಂದ ನೋಡಿದ್ದಳು, ತೆರೆದಾಗ ನೋಡಿದ್ದಳು, ಒಳಗಿನ ಹೊಳಪು ನೋಡಿದ್ದಳು. ಅವ್ವ ನೋಡಿದ್ದು ಮುಚ್ಚಿದ ಬಾಗಿಲು. ಒಂದೇ ಕಟ್ಟಿಗೆಯನ್ನು ತಾಯಿ ಮಗಳು ಇಷ್ಟು ಬೇರೆ ಬೇರೆಯಾಗಿ ನೋಡಿಕೊಂಡು ಬಂದಿದ್ದರು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಬೇಕಾದರೆ ಇವತ್ತೇ ಅದನ್ನು ತೆಗೆಸಿಬಿಡುತ್ತೇನೆ ಎಂದಳು. ಬಾಯಿಮಾತಿಗಲ್ಲ, ನಿಜವಾಗಿಯೇ ಹೇಳಿದಳು.

‘ತೆಗಿಸ್ತಾಳಂತ!’ ಕರೆಮ್ಮ ರೇಗಿದಳು. ‘ಗೌಡರ ಬಾಗಲ ಹೊತ್ತು ತಂದು ನೆಲಕ್ಕ ಮಲಗಿಸಿದಾಕಿ ಈಗ ತೆಗಿಸ್ತಾಳಂತ.’

‘ಮತ್ತ ಈ ಬಟ್ಟಲ ಎಲ್ಲಿ ಇಡಲಿ? ನೀನೇ ಹೇಳು.’

ಕರೆಮ್ಮ ಬಟ್ಟಲನ್ನು ಸೆರಗಿನಿಂದ ಒರೆಸಿದಳು. ಎದ್ದು ಮೆಟ್ಟಿಲು ಹತ್ತಿ, ಗೂಡನ್ನು ದಾಟಿ, ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ಹಾದು ಊಟದ ಕೋಣೆಗೆ ಹೋದಳು. ದೇವಕಮ್ಮ ಕೆಟಲಿ ಎತ್ತಿಕೊಂಡು ಹಿಂದೆಯೇ ಬಂದಳು. ಕರೆಮ್ಮ ಟೇಬಲ್ಲಿನ ಸುತ್ತ ಒಂದು ಸುತ್ತು ಬಂದು, ತಾನೇ ಹೊಲಿದ ಕೌದಿಯ ಅಂಚನ್ನು ಸರಿಮಾಡಿ, ತುದಿಯಲ್ಲಿ, ಬಳೆಯ ಪಕ್ಕದಲ್ಲಿ ಬಟ್ಟಲು ಇಟ್ಟಳು. ಇಟ್ಟು ನಿಂತುಕೊಂಡಳು. ಎಷ್ಟೋ ಸಲ ಕುರ್ಚಿ ಎಳೆದು ಕೊಟ್ಟು ಬೇಡ ಎನ್ನಿಸಿಕೊಂಡಿದ್ದ ದೇವಕಮ್ಮನಿಗೆ ಈಗ ಕುರ್ಚಿ ಮುಟ್ಟುವ ಧೈರ್ಯವಾಗಲಿಲ್ಲ. ಗೋಡೆಗೆ ಒರಗಿದಳು.

‘ಇದು ಎಂದೂ ಒಳಗ ಬಂದದ್ದಲ್ಲ’ ಎಂದಳು ಕರೆಮ್ಮ, ಬಟ್ಟಲಿನ ಕಡೆ ನೋಡುತ್ತ. ‘ಒಂದೇ ಕುಂತ್ರ ಅಂಜತದ. ಜೋಡಿ ನಾನೂ ಕುಂದರತೀನಿ.’

ಬೆತ್ತದ ಕುರ್ಚಿಯನ್ನು ಕಿರ್ ಎಂದು ಎಳೆದು ಕೂತಳು. ಕಾಲು ಜೋತುಬಿಟ್ಟು ಅಭ್ಯಾಸವಿಲ್ಲ. ಎರಡೂ ಕಾಲು ಮೇಲೆ ತೆಗೆದುಕೊಂಡು ಚಕ್ಕಳಮಕ್ಕಳ ಹಾಕಿದಳು. ಅಂಗೈಯನ್ನು ಕಟ್ಟಿಗೆಯ ಮೇಲೆ ಪೂರ್ತಿ ಊರಿ ಸವರಿದಳು. ಮೊಳೆಗಳನ್ನು ಮುಟ್ಟಿದಳು. ಕೈ ಬಳೆಯ ಹತ್ತಿರ ಬಂದು ನಿಂತಿತು. ಒಂದು ಸಲ ಮಗಳ ಮುಖ ನೋಡಿದಳು. ಆಮೇಲೆ ಬಳೆ ಎತ್ತಿ ಮೆಲ್ಲಗೆ ಬಿಟ್ಟಳು. ಟಕ್ ಎಂದಿತು. ಸಾಲದೆನ್ನಿಸಿತೋ ಏನೋ, ಎರಡನೆಯ ಸಲ ಕೈಯೆತ್ತಿ ಧಡ್ ಎಂದು ಬಡಿದಳು. ಮೂರನೆಯ ಸಲ ಬಡಿದಾಗ ಸೇರಿನಲ್ಲಿದ್ದ ಚಮಚೆಗಳೆಲ್ಲ ಕುಣಿದವು, ಪಾನ್‌ದಾನಿನ ಮುಚ್ಚಳ ಹಾರಿತು.

ಬಚ್ಚಲಿನಿಂದ ಈಶಪ್ಪ ಕಿವಿಗೆ ಸೋಪಿನ ನೊರೆ ಹಚ್ಚಿಕೊಂಡೇ, ಟವೆಲು ಸುತ್ತಿಕೊಂಡು ಗಾಬರಿಯಿಂದ ಹೊರಗೆ ಬಂದ.

‘ಏನಾತು? ಯಾರ ಬಂದಾರ?’

‘ನಾ ಬಂದೇನಿ’ ಎಂದಳು ಕರೆಮ್ಮ. ‘ಚಹಾ ತರ್ರಿ.’